ಮೂರನೇ ಮಹಡಿಯ ಆತ್ಮಕ್ಕಾಗಿ ಪ್ರಾರ್ಥನೆ

ಪರದೆಯಪ್ಪನ ದನಿ ಹೋಯಿತೆಂಬ ಸುದ್ದಿ ಕೇಳಿ ನಮ್ಮ ಚರ್ಚಿನ ಸಭೆಯ ಖಜಾಂಚಿಯವರು ಮಧ್ಯಾಹ್ನದ ಊಟ ಬಿಟ್ಟರು. ಇದು ಸಣ್ಣ ವಿಷಯವಲ್ಲ. ಜ್ವರ ಬಂದಾಗಲೂ, ಹೆಂಡತಿಯೊಂದಿಗೆ ಜಗಳವಾದಾಗಲೂ, ಸ್ವಂತ ಮಗಳ ಮದುವೆಯ ಗಡಿಬಿಡಿಯಲ್ಲೂ ಅವರು ಊಟ ಬಿಟ್ಟವರಲ್ಲ. ಅಂಥ ಮನುಷ್ಯ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಪ್ರಾರ್ಥನೆಗೆ ಕೂತರೆಂದರೆ ಪರಿಸ್ಥಿತಿ ಎಷ್ಟು ಗಂಭೀರವಾಗಿರಬೇಕು, ನೀವೇ ಯೋಚಿಸಿ.

ಆದರೆ ಪರದೆಯಪ್ಪನ ದನಿ ಎಲ್ಲಿಗೂ ಹೋಗಿರಲಿಲ್ಲ. ಗಂಟಲಿನಲ್ಲೇ ಭದ್ರವಾಗಿ ಕೂತಿತ್ತು.

ಇದನ್ನು ಹೇಳುವ ನಾನು ಯಾರೆಂದರೆ, ಅದೇ ಸಭೆಯಲ್ಲಿ ಹಾರ್ಮೋನಿಯಂ ನುಡಿಸುವವನು ಮತ್ತು ಪರದೆಯಪ್ಪನ ಪಕ್ಕದ ಮನೆಯವನು. ನಮ್ಮ ಎರಡು ಮನೆಗಳಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳ್ಳನೆಯದು. ಹಾಗಾಗಿ ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಅರ್ಧ, ಕಿವಿಗೆ ತಾನಾಗಿ ಬಂದು ಬಿದ್ದದ್ದು ಅರ್ಧ. ಎರಡನೆಯದಕ್ಕೆ ನಾನು ಹೊಣೆಯಲ್ಲ, ಗೋಡೆ ಕಟ್ಟಿದವನು ಹೊಣೆ.

ಪರದೆಯಪ್ಪ ಎನ್ನುವುದು ಅವನ ಹೆಸರಲ್ಲ, ಕಸುಬು. ಪರದೆ ಬಟ್ಟೆ ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ. ಮನೆಮನೆಗೆ ಹೋಗಿ ಕಿಟಕಿ ಅಳೆಯುತ್ತಾನೆ, ಪರದೆ ಹೊಲಿಸಿ ತಂದು ತೂಗುಹಾಕುತ್ತಾನೆ. ಅಳತೆಗೂ ಅವನಿಗೂ ಆಗಿಬರುವುದಿಲ್ಲ. ಒಬ್ಬ ಡಾಕ್ಟರರ ತಪಾಸಣೆ ಕೋಣೆಗೆ ಹಾಕಿದ ಪರದೆ ಎಷ್ಟು ಗಿಡ್ಡವಾಯಿತೆಂದರೆ, ಹೊರಗೆ ಸರದಿಯಲ್ಲಿ ಕೂತವರು ಒಳಗಿರುವವರನ್ನು ಕಾಲಿನಿಂದಲೇ ಗುರುತು ಹಿಡಿದು ಮಾತಾಡಿಸತೊಡಗಿದರು. ಇಂಥವನು ಭಾನುವಾರ ಬೆಳಿಗ್ಗೆ ಸಭೆಯ ಓದುಪೀಠದ ಮುಂದೆ ನಿಂತು ದೇವರ ವಾಕ್ಯ ಓದಲು ಬಾಯಿ ತೆರೆದನೆಂದರೆ, ಅಳುವ ಮಕ್ಕಳೂ ಸುಮ್ಮನಾಗುತ್ತಿದ್ದವು. ಅಷ್ಟು ಗಂಭೀರ, ಅಷ್ಟು ತುಂಬಿದ ದನಿ. ಓದಿ ಮುಗಿಸಿ, ಒಂದು ಕ್ಷಣ ತಡೆದು, "ಇಲ್ಲಿಗೆ ಪಾಠ ಮುಗಿಯಿತು, ದೇವರಿಗೆ ಸ್ತೋತ್ರ" ಎಂದಾಗ ಮೊದಲ ಸಾಲಿನಲ್ಲಿ ಕೂತ ಅವನ ಹೆಂಡತಿ ಅತ್ತಿತ್ತ ನೋಡುತ್ತಿದ್ದಳು, ಎಲ್ಲರೂ ಕೇಳಿದರಲ್ಲವೇ ಎಂದು. ವಾರದ ಉಳಿದ ದಿನಗಳಲ್ಲಿ ಗಂಡನ ವಿಷಯದಲ್ಲಿ ಹೆಮ್ಮೆಪಡಲು ಆಕೆಗೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಇದು ಪರದೆಯಪ್ಪನಿಗೂ ಚೆನ್ನಾಗಿ ಗೊತ್ತಿತ್ತು. ಆ ಓದು ಹೋದರೆ ಮನೆಯಲ್ಲೂ ತಾನು ಬರೀ ಗಿಡ್ಡ ಪರದೆಯವನು ಎಂಬ ಭಯ ಅವನ ಎದೆಯಲ್ಲಿ ಯಾವಾಗಲೂ ಇತ್ತು.

ಹೀಗಿರುವಾಗ ಬಾಮೈದ ಬಂದ. ಅವನದು ಪುಸ್ತಕಗಳನ್ನು ಓದಿಸಿ, ಫೋನಿನಲ್ಲಿ ಕೇಳುವ ಹಾಗೆ ಮಾಡಿ ಮಾರುವ ವ್ಯಾಪಾರ.

"ಭಾವ, ಈಗ ಜನ ಪುಸ್ತಕ ಓದಲ್ಲ, ಕೇಳ್ತಾರೆ. ಪಾತ್ರೆ ತೊಳೀತಾ ಕೇಳ್ತಾರೆ, ಬಸ್ಸಲ್ಲಿ ನಿಂತು ಕೇಳ್ತಾರೆ. ನಿಮ್ಮಂಥ ದನಿ ಒಂದು ಸಭೆಗೆ ಮಾತ್ರ ಸಿಗೋದು ಅನ್ಯಾಯ."

"ಎಂಥ ಪುಸ್ತಕ?" ಎಂದ ಪರದೆಯಪ್ಪ. ಅನ್ಯಾಯ ಎಂಬ ಮಾತು ಅವನಿಗೆ ಬಹಳ ಹಿಡಿಸಿತ್ತು.

"ಸಂಸಾರದ ಕಥೆ. ಒಬ್ಬ ಮನೆ ಓನರ್, ಒಬ್ಬಳು ಬಾಡಿಗೆಯವಳು. ಮೂರನೇ ಮಹಡಿ."

ಓನರ್ ಸತ್ತು ಬಹಳ ಕಾಲವಾಗಿದೆ ಎಂಬುದನ್ನು ಬಾಮೈದ ಹೇಳಲಿಲ್ಲ. ಎರಡನೇ ಅಧ್ಯಾಯದಲ್ಲಿ ಅದು ಗೊತ್ತಾದಾಗ ಪರದೆಯಪ್ಪ ಗಾಬರಿಯಿಂದ ಫೋನು ಮಾಡಿದ.

"ಲೋ, ಇವನು ಸತ್ತಿದ್ದಾನಲ್ಲೋ!"

"ಹೌದು ಭಾವ."

"ಸತ್ತವನು ಅವಳ ಕೈ ಹಿಡ್ಕೋತಾನೆ!"

"ಮೆತ್ತಗೆ ಹಿಡ್ಕೋತಾನೆ ಭಾವ. ಸಭ್ಯಸ್ಥ."

"ನಾನು ವಾಕ್ಯ ಓದೋನಪ್ಪಾ! ನಮ್ಮ ಸಭೆಯ ಅಯ್ಯನವರಿಗೆ ಗೊತ್ತಾದ್ರೆ ನನ್ನ ಗತಿ?"

"ಹೆಸರೇ ಹಾಕಲ್ಲ ಬಿಡಿ."

ಅಲ್ಲಿಗೇ ಬಿಡಬೇಕಿತ್ತು. ಆದರೆ ಅಷ್ಟರೊಳಗೆ ಬಾಮೈದ ಮೊದಲ ಅಧ್ಯಾಯ ಕೇಳಿಸಿದ್ದ, ಪರದೆಯಪ್ಪ ತನ್ನ ದನಿಯನ್ನು ತಾನೇ ಕಿವಿತುಂಬ ಕೇಳಿ ಮರುಳಾಗಿದ್ದ. ‘ಧ್ವನಿ: ಒಬ್ಬ ಹಿತೈಷಿ’ ಎಂದು ಹಾಕುವುದೆಂದು ಮಾತಾಯಿತು.

ಓದಲು ಸದ್ದಿಲ್ಲದ ಜಾಗ ಬೇಕಿತ್ತು. ಅಂಗಡಿಯ ಹಿಂದಿನ ಉಗ್ರಾಣಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ನೆಲದಿಂದ ಸೂರಿನವರೆಗೆ ಪರದೆ ಬಟ್ಟೆಯ ಸುರುಳಿಗಳು, ಒಂದು ಮಾತೂ ಪ್ರತಿಧ್ವನಿಸುವುದಿಲ್ಲ. ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ, ವೆಲ್ವೆಟ್ಟಿನ ಮಧ್ಯೆ ನಿಂತು ಅವನು ಪ್ರೇತವಾಗುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಒಂದೇ ಬಗೆಯ ಓದು, ಓದುಪೀಠದ ಓದು. ಪ್ರೇತ ಬಾಡಿಗೆಯವಳ ಮುಂಗುರುಳು ಸರಿಸುವುದನ್ನೂ ಅವನು ಪ್ರವಾದಿಗಳ ಎಚ್ಚರಿಕೆಯ ಹಾಗೆ ತಡೆತಡೆದು ಓದಿದ. ಅಧ್ಯಾಯ ಮುಗಿದಾಗಲೆಲ್ಲ ಅಭ್ಯಾಸಬಲದಿಂದ "ಇಲ್ಲಿಗೆ ಪಾಠ ಮುಗಿಯಿತು, ದೇವರಿಗೆ ಸ್ತೋತ್ರ" ಎಂದ. ಬಾಮೈದ ಅವನ್ನೆಲ್ಲ ಕತ್ತರಿಸಿದ, ಒಂದನ್ನು ಬಿಟ್ಟು. ಪ್ರೇತ ಮೊದಲ ಮುತ್ತು ಕೊಟ್ಟ ಅಧ್ಯಾಯದ ಕೊನೆಯಲ್ಲಿ ಆ ಸ್ತೋತ್ರ ಹಾಗೆಯೇ ಉಳಿದುಹೋಯಿತು.

ಕಥೆ ಹಿಟ್ ಆಯಿತು. ಎಲ್ಲಿ ಅಂತೀರಿ? ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲೇ.

ಕೂಟದ ಅಧ್ಯಕ್ಷೆ ಟೀಚರಮ್ಮ. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಪ್ರೇತಗಳನ್ನು ಅವರು ನಂಬುವುದಿಲ್ಲ, ಆದರೆ ಈ ಪ್ರೇತದ ನಡತೆ ಅವರಿಗೆ ಮೆಚ್ಚುಗೆಯಾಗಿತ್ತು. "ಕೂಗಾಡಲ್ಲ, ಬಾಡಿಗೆ ಕೇಳಲ್ಲ, ಅವಳು ಹೇಳಿದ್ದನ್ನೆಲ್ಲ ಕೂತು ಕೇಳ್ತಾನೆ. ಬದುಕಿರೋರಲ್ಲಿ ಇಂಥವರನ್ನ ತೋರ್ಸಿ ನೋಡೋಣ. ಮುತ್ತು ಕೊಟ್ಟ ಮೇಲೂ ದೇವರಿಗೆ ಸ್ತೋತ್ರ ಹೇಳಿದ ಕಣ್ರೀ!" ಎಂದರು. ಇವನಿಗೆ ದೀಕ್ಷಾಸ್ನಾನ ಆಗಿತ್ತೇ, ಆಗಿದ್ದರೆ ಪರಲೋಕದಲ್ಲಿ ಇರಬೇಕಾದವನು ಮೂರನೇ ಮಹಡಿಯಲ್ಲಿ ಏನು ಮಾಡುತ್ತಿದ್ದಾನೆ ಎಂದು ಚರ್ಚೆಯಾಯಿತು. ಆ ಭಾನುವಾರ ಯಾರೋ ಪ್ರಾರ್ಥನೆಯ ವಿಷಯ ಕೊಟ್ಟರು: ಮೂರನೇ ಮಹಡಿಯಲ್ಲಿ ಒಂಟಿಯಾಗಿ ನರಳುತ್ತಿರುವ ಒಂದು ಆತ್ಮಕ್ಕಾಗಿ. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಯಾರೋ ಕಾಯಿಲೆಯವರೆಂದುಕೊಂಡು ಮನಮುಟ್ಟುವಂತೆ ಪ್ರಾರ್ಥಿಸಿದರು. ಲಿಫ್ಟ್ ಇಲ್ಲದ ಕಟ್ಟಡವಾದರೆ ಆ ಕಷ್ಟವನ್ನೂ ನೋಡಿಕೋ ದೇವರೇ ಎಂದು ಸೇರಿಸಿದರು.

ಪ್ರಾರ್ಥನೆಯ ನಂತರ ವಾಕ್ಯ ಓದಲು ಪರದೆಯಪ್ಪ ಎದ್ದ. ಮೊದಲ ಸಾಲು ಓದುತ್ತಿದ್ದಂತೆ ಹೆಂಗಸರ ಕಡೆಯ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಟೀಚರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಹೊರಗೆ ಬಂದಾಗ ಅವನನ್ನು ಮೆಟ್ಟಿಲ ಹತ್ತಿರವೇ ಹಿಡಿದರು.

"ನಿಮ್ಮ ದನಿ ಬೇರೆ ಎಲ್ಲೋ ಕೇಳಿದ ಹಾಗಿದೆಯಲ್ರೀ."

"ಇ... ಇಲ್ಲೇ ಇರಬೇಕು ಟೀಚರಮ್ಮ. ಪ್ರತಿ ವಾರ ಓದ್ತೀನಲ್ಲ."

"ಅಲ್ಲ. ಪಾತ್ರೆ ತೊಳೆಯೋವಾಗ."

ಪರದೆಯಪ್ಪ ಎರಡು ಮೆಟ್ಟಿಲು ಕೆಳಗಿಳಿದ. ಅದೇ ಹೊತ್ತಿಗೆ ಅಯ್ಯನವರು ಬಂದು, ಮೂರನೇ ಮಹಡಿಯ ಆತ್ಮ ಯಾರೆಂಬುದು ತಮಗೆ ಈಗಷ್ಟೇ ತಿಳಿಯಿತೆಂದು ಕೆಂಡಾಮಂಡಲವಾಗಿ ಹೇಳಿದರು. "ಸತ್ತವರು ದೇವರ ಕೈಯಲ್ಲಿರ್ತಾರೆ, ಬಾಡಿಗೆ ಮನೇಲಲ್ಲ! ಮುಂದಿನ ವಾರ ವೇದಿಕೆ ಮೇಲೆ ನಿಂತು ಇದೇ ವಿಷಯದ ಮೇಲೆ ಪ್ರಸಂಗ ಮಾಡ್ತೀನಿ. ಆ ಕಥೆ ಓದಿದ ಮಹಾಶಯ ಯಾರೋ ಅವನ ಗಂಟಲಿಗೆ ದೇವರೇ ಬುದ್ಧಿ ಕಲಿಸಲಿ." ಆಮೇಲೆ ಪರದೆಯಪ್ಪನ ಹೆಗಲು ತಟ್ಟಿ, "ಪ್ರಸಂಗಕ್ಕೆ ಮುಂಚೆ ವಾಕ್ಯ ನೀವೇ ಓದ್ಬೇಕು. ಜನ ನಡುಗಬೇಕು, ಹಾಗೆ ಓದಿ" ಎಂದರು.

ಜನ ನಡುಗುವ ಮೊದಲೇ ಪರದೆಯಪ್ಪ ನಡುಗುತ್ತ ಮನೆಗೆ ಬಂದ. ಬಾಯಿ ತೆರೆದರೆ ಸಿಕ್ಕಿಬೀಳುವುದು ಗ್ಯಾರಂಟಿ. ತೆರೆಯದೆ ಇರಲು ಕಾರಣ ಬೇಕು. ಮರುದಿನ ಬೆಳಿಗ್ಗೆ ಅವನು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದು, ಗಂಟಲು ತೋರಿಸಿ, ಇಲ್ಲವೆಂದು ಕೈಯಾಡಿಸಿದ. ದನಿ ಹೋಗಿತ್ತು.

ಒಂದು ವಾರದ ಮಟ್ಟಿಗೆ ಎಂದುಕೊಂಡಿದ್ದ. ಆದರೆ ಪ್ರಸಂಗದ ವಾರ ಅಯ್ಯನವರು ವೇದಿಕೆಯ ಮೇಲಿನಿಂದ, "ಪ್ರೇತದ ಪ್ರೇಮ ಕೇಳುವ ಕಿವಿಗಳು ಹೆಚ್ಚಾದಾಗ ದೇವರ ವಾಕ್ಯ ಓದುವ ದನಿ ಹೋಗುತ್ತದೆ, ಕಂಡಿರಾ!" ಎಂದುಬಿಟ್ಟರು. ಇಡೀ ಹೆಂಗಸರ ಕಡೆ ತಲೆ ತಗ್ಗಿಸಿತು. ಪರದೆಯಪ್ಪನ ಕಾಯಿಲೆ ಅವನ ಕೈತಪ್ಪಿ ಸಭೆಯ ಸ್ವತ್ತಾಯಿತು.

ಹೆಂಡತಿ ಅವನನ್ನು ಗಂಟಲಿನ ಡಾಕ್ಟರರ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ, "ಏನೂ ಇಲ್ಲ, ಗಂಟಲು ಚೆನ್ನಾಗಿದೆ" ಎಂದರು. ಸಮಾಧಾನದ ಈ ಮಾತು ನಮ್ಮ ಬೀದಿ ಮುಟ್ಟುವ ಹೊತ್ತಿಗೆ, ಡಾಕ್ಟರು ಕೈಚೆಲ್ಲಿದರು ಎಂದಾಗಿತ್ತು. ಉಪವಾಸ ಪ್ರಾರ್ಥನೆ ಶುರುವಾಯಿತು. ಸರದಿ ಹಾಕಿಕೊಂಡು ಜನ ಅವನ ಮನೆಗೆ ಬಂದರು, ಕುತ್ತಿಗೆಯ ಮೇಲೆ ಕೈಯಿಟ್ಟರು. ಖಜಾಂಚಿಯವರ ಕೈ ಹಸಿವಿನಿಂದ ನಡುಗುತ್ತಿತ್ತು. ಟೀಚರಮ್ಮ ಕಣ್ಣೀರು ಹಾಕಿ, "ತಪ್ಪು ನಂದು, ಶಿಕ್ಷೆ ಇವರಿಗೆ" ಎಂದರು. ಪರದೆಯಪ್ಪ ಬೆವತುಹೋದ. ಈಗ ಮಾತಾಡಿದರೆ ಸುಳ್ಳು ಪವಾಡ, ಸುಮ್ಮನಿದ್ದರೆ ಜನ ಹಸಿವಿನಿಂದ ಸಾಯುತ್ತಾರೆ. ಜ್ವರವಿಲ್ಲದೆ ಅಷ್ಟು ಬೆವರುವ ಮನುಷ್ಯನನ್ನು ನಾನು ಕಂಡಿಲ್ಲ. ಪ್ರಾರ್ಥನೆ ನಾಟುತ್ತಿದೆ ಎಂದು ಎಲ್ಲರೂ ಹುರುಪುಗೊಂಡರು.

ಮನೆಯೊಳಗೆ ಇನ್ನೊಂದು ಸಂಗತಿ ನಡೆದಿತ್ತು. ಅಲ್ಲಿಯವರೆಗೆ ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿದ್ದದ್ದು ಅವನ ದನಿ ಮಾತ್ರ. ಸಾರು ಚೆನ್ನಾಗಿದೆ ಎನ್ನುವುದನ್ನೂ ಅವನು ಘೋಷಿಸುತ್ತಿದ್ದ. ಈಗ ಆ ಮನೆಯಲ್ಲಿ ಹೆಂಗಸೊಬ್ಬಳ ದನಿಯೂ ಇದೆ ಎಂದು ಗೊತ್ತಾಯಿತು. ಮೊದಲು "ಬಿಸಿನೀರು ಕುಡೀತೀರಾ?" ಎಂಬಷ್ಟೇ ಇತ್ತು. ಆಮೇಲೆ ಆಕೆ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಕಥೆ ತೆಗೆದಳು. ತನಗಿಂತ ಚಿಕ್ಕವಳನ್ನು ತನ್ನ ಮೇಲೆ ತಂದು ಕೂರಿಸಿದ್ದು, ಅವತ್ತು ಬಚ್ಚಲಿಗೆ ಹೋಗಿ ಅತ್ತದ್ದು, ಅಪ್ಪ ಸತ್ತ ಮೇಲೆ ತವರಿನ ಬಾಗಿಲು ತಟ್ಟಲು ಸಂಕೋಚವಾಗುವುದು. "ಕೇಳ್ತಿದ್ದೀರಾ?" ಎನ್ನುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದನೆಂದು ಕಾಣುತ್ತದೆ, ಮತ್ತೆ ಮಾತು ಮುಂದುವರಿಯುತ್ತಿತ್ತು. ಒಮ್ಮೊಮ್ಮೆ ನಗುವೂ ಕೇಳಿಸುತ್ತಿತ್ತು.

ಅತ್ತ ಬಾಮೈದನ ಕಾಟ ಬೇರೆ. ಕೊನೆಯ ಅಧ್ಯಾಯ ಬಾಕಿಯಿತ್ತು. "ಭಾವ, ಕೇಳೋರು ಬೈತಿದ್ದಾರೆ. ಪ್ರೇತ ಏನಾದ ಅಂತ ಹೇಳಿ ಮುಗಿಸಿಬಿಡಿ. ಆಮೇಲೆ ಜೀವಮಾನವೆಲ್ಲ ಮೂಕರಾಗಿರಿ ಬೇಕಾದ್ರೆ." ಪರದೆಯಪ್ಪ ಒಂದು ಮಧ್ಯಾಹ್ನ ಉಗ್ರಾಣ ಸೇರಿ ಗಂಟಲು ಸರಿಪಡಿಸಿಕೊಂಡ. ಅರ್ಧ ಓದಿದ, ಉಳಿದರ್ಧ ಮರುದಿನಕ್ಕೆ ಇಟ್ಟ.

ಆದರೆ ಆ ಮಧ್ಯಾಹ್ನ ಯಜಮಾನರು ಬೇಗ ವಾಪಸು ಬಂದಿದ್ದರು.

ಮರುದಿನ ಅವರು ಅಯ್ಯನವರ ಮನೆಗೆ ಓಡೋಡಿ ಬಂದಾಗ, ಹಾಡು ಆರಿಸುವ ನೆಪದಲ್ಲಿ ನಾನೂ, ಪ್ರಾರ್ಥನೆಯ ಸರದಿ ಬರೆಯಲು ಖಜಾಂಚಿ, ಟೀಚರಮ್ಮ, ಕೆಲಸದ ನಡುವೆ ಊಟದ ಬಿಡುವಿನಲ್ಲಿ ಬಂದಿದ್ದ ಪರದೆಯಪ್ಪನ ಹೆಂಡತಿ ಎಲ್ಲರೂ ಅಲ್ಲೇ ಇದ್ದೆವು. ಯಜಮಾನರು ನಮ್ಮ ಸಭೆಯವರಲ್ಲ, ದೇವರ ಗೊಡವೆಗೇ ಹೋಗದ ಮನುಷ್ಯ, ಪರದೆಯಪ್ಪನ ಓದುಪೀಠದ ದನಿಯನ್ನು ಒಮ್ಮೆಯೂ ಕೇಳಿದವರಲ್ಲ. ಮುಖ ಬಿಳಿಚಿಕೊಂಡಿತ್ತು.

"ಸ್ವಾಮಿ, ನನ್ನ ಉಗ್ರಾಣದಲ್ಲಿ ದೆವ್ವ ಇದೆ. ನಿನ್ನೆ ಕೇಳ್ದೆ, ಇವತ್ತೂ ಮಾತಾಡ್ತಿದೆ. ಗಂಡಸಿನ ದೆವ್ವ. ಯಾರೋ ಹೆಂಗಸಿಗೆ ಪ್ರೀತಿ ಮಾತು ಹೇಳ್ತಿದೆ."

"ದೆವ್ವಗಿವ್ವ ಇಲ್ಲ" ಎಂದರು ಅಯ್ಯನವರು. "ನಾನು ಆ ಬಗ್ಗೆ ಪ್ರಸಂಗವನ್ನೇ ಮಾಡಿದ್ದೀನಿ."

"ಅದಕ್ಕೂ ಬಂದು ಒಂದು ಸಲ ಹೇಳಿ. ನನಗನ್ಸತ್ತೆ, ಅದು ನಿಮ್ಮ ಪೈಕಿನೇ."

"ನಮ್ಮ ಪೈಕಿ?"

"ನಿನ್ನೆ ಮಾತು ನಿಲ್ಲಿಸೋವಾಗ ದೇವರಿಗೆ ಸ್ತೋತ್ರ ಅಂತು ಸ್ವಾಮಿ!"

ಅಯ್ಯನವರು ಉಭಯಸಂಕಟಕ್ಕೆ ಸಿಕ್ಕಿದರು. ಹೋದರೆ ಪ್ರಸಂಗ ಸುಳ್ಳಾಗುತ್ತದೆ, ಹೋಗದಿದ್ದರೆ ಸ್ತೋತ್ರ ಹೇಳುವ ಆತ್ಮವೊಂದು ದಿಕ್ಕಿಲ್ಲದೆ ಬಟ್ಟೆಯ ನಡುವೆ ಇರುತ್ತದೆ. ಅಷ್ಟರಲ್ಲಿ ಪರದೆಯಪ್ಪನ ಹೆಂಡತಿ ಎದ್ದು ನಿಂತಳು.

"ನಮ್ಮನೆಯವರು ಎಲ್ಲಿ?"

"ಕಾಣಿಸ್ಲಿಲ್ಲಮ್ಮ. ಉಗ್ರಾಣಕ್ಕೆ ಹೋದ ಅಂತ ಪಕ್ಕದ ಅಂಗಡಿಯವರಂದ್ರು."

"ಅಯ್ಯೋ ದೇವರೇ! ಅವರಿಗೆ ಕೂಗೋಕೂ ಆಗಲ್ಲ!" ಎಂದವಳು ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿಗೆ ಓಡಿದಳು. ಮಿಕ್ಕವರು ಹಿಂದೆ ಓಡಿದೆವು. ಮೂಕ ಗಂಡನೊಬ್ಬ ದೆವ್ವದ ಜೊತೆ ಒಂದೇ ಕೋಣೆಯಲ್ಲಿ! ಖಜಾಂಚಿಯವರು ಖಾಲಿ ಹೊಟ್ಟೆಯಲ್ಲಿ ಅಷ್ಟು ಜೋರಾಗಿ ಓಡಬಲ್ಲರೆಂದು ನಾನು ಕನಸಲ್ಲೂ ನೆನೆಸಿರಲಿಲ್ಲ.

ಉಗ್ರಾಣದ ಬಾಗಿಲಿಗೆ ಒಳಗಿನಿಂದ ಚಿಲಕ. ಆಕೆ ಬಾಗಿಲು ಬಡಿಯಲು ಕೈಯೆತ್ತಿದಳು. ಒಳಗಿನಿಂದ ದನಿ ಬಂತು.

"ನೀನು ಈ ಮನೆ ಬಿಟ್ಟು ಹೋಗುವವಳು, ನನಗೆ ಗೊತ್ತು. ಹೋಗುವ ಮುನ್ನ ಹೇಳು. ಇವತ್ತು ನಿನ್ನ ದಿನ ಹೇಗಿತ್ತು? ಯಾರು ನಿನ್ನ ಮನಸ್ಸು ನೋಯಿಸಿದರು? ನಾನು ಸತ್ತವನು, ನನಗೆ ಬೇರೆ ಕೆಲಸವಿಲ್ಲ. ಹೇಳು."

ಎತ್ತಿದ ಕೈ ಅಲ್ಲೇ ನಿಂತಿತು. ಅಯ್ಯನವರು "ಈ ದನಿ..." ಎಂದು ಬಾಯಿ ತೆರೆದರು. ಟೀಚರಮ್ಮ ತರಗತಿಯಲ್ಲಿ ಮಾಡುತ್ತಿದ್ದಂತೆ ತುಟಿಯ ಮೇಲೆ ಬೆರಳಿಟ್ಟು, "ಶ್! ಕೊನೆ ಅಧ್ಯಾಯ!" ಎಂದರು. ಹೆಡ್‌ಫೋನ್ ಹಾಕಿದ ಪರದೆಯಪ್ಪನಿಗೆ ಹೊರಗಿನದೊಂದೂ ಕೇಳಿಸುತ್ತಿರಲಿಲ್ಲ. ನಾವೆಲ್ಲ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಬಾಡಿಗೆಯವಳು ಹೋದಳು. ಪ್ರೇತ ಅವಳನ್ನು ತಡೆಯಲಿಲ್ಲ. ಯಜಮಾನರು ಕಣ್ಣೊರೆಸಿಕೊಂಡರು. ಒಳಗಿನ ದನಿ ಒಂದು ಕ್ಷಣ ತಡೆದು, "ಇಲ್ಲಿಗೆ ಪಾಠ ಮುಗಿಯಿತು, ದೇವರಿಗೆ ಸ್ತೋತ್ರ" ಎಂದಿತು. ಹೊರಗಿದ್ದವರೆಲ್ಲ ಅಯ್ಯನವರ ಸಮೇತ "ಆಮೆನ್" ಎಂದೆವು. ಬಾಯಿಂದ ತಾನಾಗಿ ಬಂತು, ಏನು ಮಾಡುವುದು?

ಬಾಗಿಲು ತೆರೆಯಿತು. ಹೆಡ್‌ಫೋನ್ ಕುತ್ತಿಗೆಗೆ ಇಳಿಬಿಟ್ಟುಕೊಂಡ ಪರದೆಯಪ್ಪ ನಮ್ಮನ್ನು ನೋಡಿ, ದೆವ್ವ ಕಂಡವನಂತೆ, "ಅಯ್ಯೋ!" ಎಂದ. ಗಟ್ಟಿಯಾಗಿ, ಸ್ಪಷ್ಟವಾಗಿ ಎಂದ.

ಮೊದಲು ಚೇತರಿಸಿಕೊಂಡವರು ಖಜಾಂಚಿ. ಹಸಿದ ಮನುಷ್ಯನಿಗೆ ಸಂತೋಷಪಡಲು ಒಂದು ಕಾರಣ ಬೇಕಿತ್ತು. "ದನಿ ಬಂತು! ಪವಾಡ ಕಣ್ರೋ, ಪವಾಡ!" ಎಂದು ಎರಡೂ ಕೈಯೆತ್ತಿದರು. ಅಯ್ಯನವರ ಕಣ್ಣು ತುಂಬಿದವು. ಇಷ್ಟು ವರ್ಷ ಪ್ರಾರ್ಥಿಸಿದ್ದಾರೆ, ಕಣ್ಣೆದುರಿಗೆ ಉತ್ತರ ಬಂದದ್ದು ಇದೇ ಮೊದಲು. "ಭಾನುವಾರ ಸಭೆ ಮುಂದೆ ನೀವು ಈ ಪವಾಡದ ಸಾಕ್ಷಿ ಹೇಳ್ಬೇಕು" ಎಂದು ಅವನ ಕೈ ಹಿಡಿದುಕೊಂಡರು. ಕಥೆಯ ಪಾಪವನ್ನು ಆ ಒಂದು ಗಳಿಗೆಯಲ್ಲಿ ಅವರು ಮರೆತೇಬಿಟ್ಟಿದ್ದರು.

ಹೌದು ಎಂದಿದ್ದರೆ ಸಾಕಿತ್ತು. ಓದುಪೀಠ ಉಳಿಯುತ್ತಿತ್ತು, ಮಾನ ಉಳಿಯುತ್ತಿತ್ತು, ಬಹುಶಃ ಹೂಮಾಲೆಯೂ ಬೀಳುತ್ತಿತ್ತು. ಪರದೆಯಪ್ಪ ಅಯ್ಯನವರ ತುಂಬಿದ ಕಣ್ಣು ನೋಡಿದ, ಖಜಾಂಚಿಯವರ ಸೊರಗಿದ ಕೆನ್ನೆ ನೋಡಿದ, ಕೊನೆಗೆ ಬರಿಗಾಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. ಆಕೆ ಮಾತ್ರ ಸ್ತೋತ್ರ ಹೇಳುತ್ತಿರಲಿಲ್ಲ.

"ದನಿ ಹೋಗಿರ್ಲೇ ಇಲ್ಲ ಅಯ್ಯನವರೇ. ನಾನೇ ಸುಳ್ಳು ಹೇಳ್ದೆ. ಆ ಕಥೆ ಓದಿದ ಮಹಾಶಯ ನಾನೇ."

"ಹಾಗಾದ್ರೆ ನಾನು ಊಟ ಬಿಟ್ಟಿದ್ದು?" ಎಂದರು ಖಜಾಂಚಿ. ಅಂಥ ಆರ್ತನಾದವನ್ನು ನಾನು ಯಾವ ಪ್ರಸಂಗದಲ್ಲೂ ಕೇಳಿಲ್ಲ. ಅಯ್ಯನವರು ಹಿಡಿದಿದ್ದ ಕೈ ಬಿಟ್ಟರು. ಇನ್ನು ಓದುಪೀಠದ ಹತ್ತಿರ ಬರಬೇಡಿ, ನಾನು ಹೇಳುವವರೆಗೆ, ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು, ಅದನ್ನು ಕೇಳಲು ಕಷ್ಟವಾಯಿತು.

ಹೆಂಡತಿ ಎಲ್ಲ ಮುಗಿಯುವವರೆಗೆ ಕಾದು ಒಂದೇ ಮಾತು ಕೇಳಿದಳು.

"ಆ ಬಾಡಿಗೆಯವಳನ್ನ ಅಷ್ಟು ಚೆನ್ನಾಗಿ ಕೇಳಿದ್ರಲ್ಲ, ದಿನ ಹೇಗಿತ್ತು ಅಂತ. ಮನೇಲಿ ನಾನು ಬಾಯಿಬಿಟ್ಟು ಎಲ್ಲ ಹೇಳ್ಕೊಂಡು ಅತ್ತಾಗ ಒಂದು ಮಾತು ಆಡೋಕೆ ನಿಮ್ಮ ಗಂಟಲಿಗೆ ಏನಾಗಿತ್ತು?"

ಉತ್ತರಕ್ಕೆ ಕಾಯದೆ ಹೊರಟುಹೋದಳು.

ಸಂಜೆ ನಾನು ಮನೆಯಲ್ಲಿ ಹಾರ್ಮೋನಿಯಂ ಒರೆಸುತ್ತ ಗೋಡೆಯ ಪಕ್ಕ ಕೂತಿದ್ದೆ. ಒರೆಸುವುದು ಅವತ್ತು ಸ್ವಲ್ಪ ನಿಧಾನವಾಯಿತು. ಆಚೆ ಬಹಳ ಹೊತ್ತು ಪಾತ್ರೆಗಳ ಸದ್ದು ಮಾತ್ರ ಇತ್ತು. ಆಮೇಲೆ ಪರದೆಯಪ್ಪನ ದನಿ ಕೇಳಿಸಿತು, ಆಳವಾಗಿ, ತಡೆತಡೆದು.

"ನಾನು ನಿನ್ನ ವಿರುದ್ಧ... ಮಹಾ ಅಪರಾಧ ಮಾಡಿದ್ದೇನೆ... ನಿನ್ನ ಕಣ್ಣೀರಿನ ಮುಂದೆ..."

"ಓದಬೇಡಿ" ಎಂದಳು ಆಕೆ. "ಮಾತಾಡಿ."

ಅವನು ಬಾಯಿ ತೆರೆದಿದ್ದಾನೆ, ಏನೂ ಬರುತ್ತಿಲ್ಲ ಎಂದು ನನಗೆ ಗೋಡೆಯ ಈಚೆಯಿಂದಲೇ ಗೊತ್ತಾಯಿತು. ಕೊನೆಗೆ ಬಂದ ದನಿ ಓದುಪೀಠದ್ದಲ್ಲ, ಪ್ರೇತದ್ದೂ ಅಲ್ಲ. ತೆಳ್ಳಗೆ, ಒಡಕಲಾಗಿ, ಯಾರೂ ಹಣ ಕೊಟ್ಟು ಕೇಳದಂಥದ್ದು.

"ಭಯ ಆಗಿತ್ತು ಕಣೇ. ಓದೋದು ಹೋದ್ರೆ ನೀನು ನನ್ನ ಕಡೆ ನೋಡೋದೂ ಇಲ್ಲ ಅಂತ."

ಆಕೆ ಒಂದು ಪಾತ್ರೆಯನ್ನು ಎತ್ತಿ ಇನ್ನೊಂದು ಕಡೆ ಇಟ್ಟ ಸದ್ದಾಯಿತು.

"ಇಡೀ ಸಭೆ ನಿಮ್ಮ ದನಿ ಬರ್ಲಿ ಅಂತ ಪ್ರಾರ್ಥನೆ ಮಾಡ್ತಲ್ಲ" ಎಂದಳು. "ನಾನು ಮಾಡ್ಲಿಲ್ಲ. ಕಣ್ಣು ಮುಚ್ಕೊಂಡು ಕೂತಿರ್ತಿದ್ದೆ, ಅಷ್ಟೇ. ಬಾಯಿಂದ ಬರ್ತಾನೇ ಇರ್ಲಿಲ್ಲ. ದನಿ ಬಂದ್ಬಿಟ್ರೆ ಮತ್ತೆ ನನ್ನ ಮಾತು ಯಾರು ಕೇಳ್ತಾರೆ ಅನ್ನಿಸ್ತಿತ್ತು. ದೇವರು ಕ್ಷಮಿಸ್ಲಿ."

ನಾನು ಒರೆಸುವ ಬಟ್ಟೆಯನ್ನು ಕೆಳಗಿಟ್ಟೆ. ಪರದೆಯಪ್ಪ ಏನು ಹೇಳುತ್ತಾನೋ ಎಂದು ನನ್ನ ಜೀವವೇ ಬಾಯಿಗೆ ಬಂದಿತ್ತು. ಹೇಳಲು ಬರದ ಮನುಷ್ಯ, ಬರೆದುಕೊಡುವವರು ಯಾರೂ ಇಲ್ಲ. ಈಗ ತಪ್ಪಿದರೆ ಆಯಿತು ಕಥೆ.

ಕುರ್ಚಿ ಎಳೆದ ಸದ್ದಾಯಿತು. ಅವನು ಕೂತನೆಂದು ಕಾಣುತ್ತದೆ.

"ಆ ಹುಡುಗಿ," ಎಂದ ಅದೇ ಒಡಕು ದನಿಯಲ್ಲಿ, "ಕನ್ನಡಕದ ಅಂಗಡಿಯವಳು. ಇವತ್ತೂ ಏನಾದ್ರೂ ಅಂದ್ಳಾ?"

ಆಕೆ ಹೇಳಲು ಶುರುಮಾಡಿದಳು. ದೀಪ ಹಚ್ಚುವ ಹೊತ್ತಾಯಿತು, ಊಟದ ಹೊತ್ತಾಯಿತು, ಮಾತು ಮುಗಿಯಲಿಲ್ಲ. ಅವನ ದನಿ ಆಮೇಲೆ ಒಂದು ಸಲವೂ ಕೇಳಿಸಲಿಲ್ಲ.